ಅಕ್ಕೋರ ಸೂಚಕ ಕೇಂದ್ರಕ್ಕೆ ಸರ್ವರ್ ಆರಿಸಿದ್ದು

ಭಾನುವಾರ ಮುಂಜಾನೆ ಹನ್ನೊಂದರ ಸುಮಾರಿಗೆ ಅಕ್ಕೋರ ವೆಬ್‌ಸೈಟ್ ನಿಂತುಹೋಗುತ್ತಿತ್ತು. ವಾರದ ಉಳಿದ ಆರು ದಿನ ಅದಕ್ಕೆ ಏನೂ ಆಗುತ್ತಿರಲಿಲ್ಲ. ತುಳಸಿ ಲಗ್ನ ಮುಗಿದು ಮದುವೆಯ ಮುಹೂರ್ತಗಳು ಶುರುವಾದವೆಂದರೆ ನಮ್ಮ ಕಡೆ ಭಾನುವಾರದ ಆ ಹೊತ್ತಿಗೆ ಒಂದು ಕೆಲಸ ಇರುತ್ತದೆ. ಮನೆಮಂದಿಯೆಲ್ಲ ನಾಷ್ಟಾ ಮುಗಿಸಿ, ಮೊಬೈಲನ್ನು ನಡುವೆ ಇಟ್ಟುಕೊಂಡು, ಹೆಣ್ಣಿನದೋ ಗಂಡಿನದೋ ಫೋಟೋ ನೋಡುತ್ತಾರೆ. ಅಜ್ಜಿಗೆ ಕಾಣಲೆಂದು ಎರಡು ಬೆರಳಿನಿಂದ ದೊಡ್ಡದು ಮಾಡುತ್ತಾರೆ. ಖಾನಾಪುರ, ಬೆಳಗಾವಿ ಮತ್ತು ಸುತ್ತಲಿನ ಹಳ್ಳಿಗಳ ಅಷ್ಟೂ ಮನೆಗಳು ಒಂದೇ ತಾಸಿನಲ್ಲಿ ಹೀಗೆ ಕೂತರೆ, ನಾನು ಕಟ್ಟಿಕೊಟ್ಟಿದ್ದ ಆ ಬಡ ವೆಬ್‌ಸೈಟ್ ಬಿಳಿ ಪುಟ ತೋರಿಸಿ ಸುಮ್ಮನಾಗುತ್ತಿತ್ತು.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಾವು ಅಕ್ಕೋರು ಅನ್ನುತ್ತೇವೆ. ಇವರು ಖಾನಾಪುರದ ಕನ್ನಡ ಶಾಲೆಯಲ್ಲಿ ನನಗೆ ನಾಲ್ಕನೆಯ ತರಗತಿಯವರೆಗೆ ಕಲಿಸಿದವರು. ನಿವೃತ್ತರಾದ ಮೇಲೆ ತಮ್ಮ ಮನೆಯ ಪಡಸಾಲೆಯಲ್ಲೇ ವಧು-ವರ ಸೂಚಕ ಕೇಂದ್ರ ತೆರೆದರು. ಅವರು ಕಲಿಸಿದ ಮಕ್ಕಳೆಲ್ಲ ಮದುವೆಯ ವಯಸ್ಸಿಗೆ ಬಂದಿದ್ದರು, ಕೆಲವರ ಮಕ್ಕಳೂ ಬಂದಿದ್ದರು. ಊರಿನ ಅರ್ಧ ಮನೆಗಳಿಗೆ ಕನ್ನಡ, ಇನ್ನರ್ಧಕ್ಕೆ ಮರಾಠಿ. ಅಕ್ಕೋರಿಗೆ ಎರಡೂ ನೀರು ಕುಡಿದಷ್ಟು ಸರಾಗ. ಹೀಗಾಗಿ ಎರಡೂ ಕಡೆಯವರು ಫೋಟೋ ಮತ್ತು ವಿವರದ ಹಾಳೆ ತಂದುಕೊಟ್ಟು, ಚಹಾ ಕುಡಿದು, ನಿಶ್ಚಿಂತರಾಗಿ ಹೋಗುತ್ತಿದ್ದರು.

ನಿಶ್ಚಿಂತೆಗೆ ಒಂದು ಕಾರಣ ಇತ್ತು. ಸಂಬಂಧ ಕೂಡಿ ಸಾಖರಪುಡಾ ಆಯಿತೆಂದರೆ, ಅಂದರೆ ಸಕ್ಕರೆ ಹಂಚಿ ಮಾತು ಗಟ್ಟಿಯಾಯಿತೆಂದರೆ, ಅಕ್ಕೋರು ಆ ಫೋಟೋವನ್ನೂ ಹಾಳೆಯನ್ನೂ ತಾವೇ ಹೋಗಿ ಕೈಯಲ್ಲಿ ಕೊಟ್ಟುಬರುತ್ತಿದ್ದರು. ಹಳ್ಳಿಯಾದರೆ ಬಸ್ ಹತ್ತಿ ಹೋಗುತ್ತಿದ್ದರು. ನಕಲು ಇಟ್ಟುಕೊಳ್ಳುತ್ತಿರಲಿಲ್ಲ. “ಮಾತು ಕೂಡಿದ ಹುಡುಗಿ ಫೋಟೋ ಇನ್ನೊಬ್ಬರ ಮನ್ಯಾಗ ಯಾಕ ಇರಬೇಕು?” ಎನ್ನುವುದು ಅವರ ಲೆಕ್ಕ. ಬೇರೆ ಕೇಂದ್ರಗಳವರು ಹಳೆಯ ಫೋಟೋಗಳನ್ನು ವರ್ಷಾನುಗಟ್ಟಲೆ ತೋರಿಸಿ ಗಿರಾಕಿ ಹಿಡಿಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಅಕ್ಕೋರು ಹಾಗಲ್ಲ ಎನ್ನುವುದೂ ಗೊತ್ತಿತ್ತು.

ನನಗಂತೂ ಚೆನ್ನಾಗಿಯೇ ಗೊತ್ತಿತ್ತು. ನಾನು ಡಿಗ್ರಿಯ ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ನನಗೆ ಹೇಳದೆ ನನ್ನ ಫೋಟೋ ಅವರಿಗೆ ಕೊಟ್ಟಿದ್ದ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಬೆನ್ನು ಸವೆಸಿದವನು. ಅವನ ಹೆದರಿಕೆ ಅವನಿಗಿತ್ತು. ನಾನು ಬೆಳಗಾವಿಯಿಂದ ಬಸ್ ಹಿಡಿದು ಬಂದು ಅಕ್ಕೋರ ಪಡಸಾಲೆಯಲ್ಲಿ ನಿಂತು, “ನನ್ನ ಫೋಟೋ ಕೊಡ್ರಿ, ನಾ ಸಾಲಿ ಮುಗಸ್ತೀನಿ” ಅಂದೆ. ಅವರು ಒಂದು ಮಾತೂ ಕೇಳಲಿಲ್ಲ. ಕಪಾಟು ತೆಗೆದರು, ಫೋಟೋ ಕೊಟ್ಟರು. “ನಿಮ್ಮಪ್ಪಗ ನಾ ಹೇಳ್ತೀನಿ, ನೀ ಬಸ್ಸಿಗೆ ಹೋಗು” ಅಂದರು. ನಾನು ಬಿಸಿಎ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು.

ಈಗ ಬೆಳಗಾವಿಯ ಅನಗೋಳದಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು ವೆಬ್‌ಸೈಟ್ ಮಾಡಿಕೊಡುತ್ತೇನೆ. ನನ್ನ ಗಿರಾಕಿಗಳು ಹೆಚ್ಚಾಗಿ ಆಟೋ ನಗರದವರು, ಗೇರ್ ಕೊರೆಯುವವರು, ಟ್ರಾಲಿ ಕಟ್ಟುವವರು. ಅವರ ವೆಬ್‌ಸೈಟುಗಳನ್ನು ದಿನಕ್ಕೆ ಹತ್ತು ಜನ ನೋಡಿದರೆ ಹೆಚ್ಚು. ಅಂಥವಕ್ಕೆ ಹಂಚಿಕೆಯ ಜಾಗ ಸಾಕು: ಯಾವುದೋ ಊರಿನ ಒಂದು ಕಂಪ್ಯೂಟರಿನೊಳಗೆ ನೂರಾರು ವೆಬ್‌ಸೈಟುಗಳು ಒಟ್ಟಿಗೆ ಇರುತ್ತವೆ, ಇದ್ದ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಅಕ್ಕೋರದನ್ನೂ ಅಲ್ಲಿಯೇ ಇಟ್ಟಿದ್ದೆ. ಮೂರನೆಯ ಭಾನುವಾರ ನಿಂತುಹೋದಾಗ ಆ ಕಂಪನಿಯವರು ಪತ್ರ ಹಾಕಿದರು: ನಿಮ್ಮ ಪಾಲಿಗಿಂತ ಹೆಚ್ಚು ಬಳಸುತ್ತಿದ್ದೀರಿ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಬೇರೆ ವ್ಯವಸ್ಥೆ ಅಂದರೆ ವಿಪಿಎಸ್. ಕಂಪ್ಯೂಟರ್ ದೊಡ್ಡದೊಂದೇ ಆದರೂ, ಅದರಲ್ಲಿ ಇಷ್ಟು ಮೆಮೊರಿ, ಇಷ್ಟು ಜಾಗ ನಿಮ್ಮದೇ ಎಂದು ಗೋಡೆ ಹಾಕಿ ಕೊಡುತ್ತಾರೆ. ಬೇರೆಯವರ ಗದ್ದಲ ಒಳಗೆ ಬರುವುದಿಲ್ಲ.

ಅದನ್ನು ಆರಿಸುವ ಕೆಲಸ ನನ್ನದು. ನಿಜ ಹೇಳಬೇಕೆಂದರೆ ನನಗೆ ಹಿಗ್ಗಾಯಿತು. ಅದುವರೆಗೆ ನಾನು ಯಾರಿಗೂ ವಿಪಿಎಸ್ ತೆಗೆದುಕೊಟ್ಟಿರಲಿಲ್ಲ. ಮೂರು ಕಂಪನಿಗಳ ವಿವರವನ್ನು ಹಾಳೆಯ ಮೇಲೆ ಬರೆದುಕೊಂಡು, ಒಂದು ಶುಕ್ರವಾರ ಖಾನಾಪುರಕ್ಕೆ ಹೋದೆ.

ಅಕ್ಕೋರು ಕನ್ನಡಕ ಏರಿಸಿ ಹಾಳೆ ನೋಡಿದರು. ಪರೀಕ್ಷೆಯ ಪೇಪರ್ ತಿದ್ದುವಾಗಿನ ಅದೇ ಮುಖ.

“ಇದು ಎಲ್ಲಿರ್ತೈತಿ?”

“ಮುಂಬೈದಾಗ್ರಿ. ನಮಗ ಹತ್ರ ಬೀಳ್ತೈತಿ, ಪುಟ ಲಗೂನ ತೆರಿತಾವು.”

“ಮುಂಬೈದಾಗ ಎಲ್ಲಿ?”

“ಅದು ಹೇಳೂದಿಲ್ರಿ ಅವರು.”

“ಭಾಡಗಿ ತಗೋತಾರ, ಮನಿ ಎಲ್ಲೈತಿ ಅಂತ ಹೇಳೂದಿಲ್ಲ. ಛಲೋ ಐತಿ.” ಹಾಳೆಯ ಮೇಲೆ ಬೆರಳು ಇಳಿಸಿದರು. “ಇದೇನು, ‘ಸ್ವತಃ ನಿರ್ವಹಣೆ’?”

“ಎರಡು ನಮೂನಿ ಇರ್ತಾವ್ರಿ ಅಕ್ಕೋರ. ಒಂದರಾಗ ರಿಪೇರಿ, ಸ್ವಚ್ಛತಾ ಎಲ್ಲಾ ಕಂಪನಿಯವರ ಮಾಡ್ತಾರ. ಇನ್ನೊಂದರಾಗ ನಾವ ಸಂಭಾಳಸಬೇಕು. ನಾ ಇದ್ದೀನಲ್ಲ, ಸುಮ್ಮನ ಅವರಿಗೆ ಯಾಕ ಕೊಡೂದು?”

“ನಿನಗ ಬರ್ತೈತೇನು?”

“ನಾ ಡಿಗ್ರಿ ಮಾಡೀನ್ರಿ ಅದರಾಗ.”

ಅವರು ನಕ್ಕರು. “ಮಾಡೀಯವ್ವಾ. ಇಡೀ ಊರಿಗೆ ಗೊತ್ತೈತಿ. ನಾ ಕೇಳಿದ್ದು ಬರ್ತೈತೇನು ಅಂತ.”

ಈ ಮಾತು ಆಗ ನನಗೆ ಚುಚ್ಚಿತು. “ಬರ್ತೈತ್ರಿ” ಎಂದು ಸ್ವಲ್ಪ ಬಿರುಸಾಗಿಯೇ ಹೇಳಿ, ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದ ಸಾಲನ್ನು ತೋರಿಸಿದೆ. “ಮತ್ತ ಇದನ್ನ ನೋಡ್ರಿ. ಪ್ರತಿ ಆಯ್ತಾರ ನಸುಕಿನ್ಯಾಗ ಇಡೀ ಸರ್ವರಿನ ಒಂದು ನಕಲು ತಗದು ಇಡ್ತಾರ. ನಾಳೆ ಏನರ ಕೆಟ್ಟರ, ಒಂದು ಗುಂಡಿ ಒತ್ತಿದ್ರ ಸಾಕು, ಇದ್ದಂಗ ವಾಪಸ್ ಬರ್ತೈತಿ.”

ಅಕ್ಕೋರ ಬೆರಳು ಆ ಸಾಲಿನ ಮೇಲೆ ನಿಂತಿತು. “ನಕಲು ಅಂದ್ರ? ಫೋಟೋದ್ದೂ?”

“ಎಲ್ಲಾದರದೂರಿ.”

“ನಾ ತಗದ ಮ್ಯಾಲೆ?”

“ಅದೆಲ್ಲ ಒಳಗಿನ ಮಾತು ಅಕ್ಕೋರ. ತಲಿ ಕೆಡಿಸ್ಕೋಬ್ಯಾಡ್ರಿ, ನಾ ನೋಡ್ಕೋತೀನಿ.”

ಅವರು ಇನ್ನೇನೋ ಕೇಳಬೇಕೆಂದು ಬಾಯಿ ತೆರೆದವರು ಸುಮ್ಮನಾದರು. ನಾನು ಕಲಿತವಳು ಎನ್ನುವ ಮರ್ಯಾದೆ ಅದು. ಅವರೇ ನನಗೆ ಅಕ್ಷರ ಕಲಿಸಿ, ಅವರೇ ಆ ಅಕ್ಷರಕ್ಕೆ ಮರ್ಯಾದೆ ಕೊಟ್ಟು ಸುಮ್ಮನಾದರು. ಅವತ್ತು ನಾನು ಅವರ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಉತ್ತರ ನನಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನು ನಾನು ಕಾಲೇಜಿನಲ್ಲೇ ಬಿಟ್ಟಿದ್ದೆ. ಅಲ್ಲಿ ಇಂಗ್ಲಿಷ್ ಶಾಲೆಯಿಂದ ಬಂದವರ ನಡುವೆ ಕೂತು ಗೊತ್ತಿಲ್ಲ ಅಂದರೆ ನಗುತ್ತಿದ್ದರು.

ಮೂರರಲ್ಲಿ ಮಧ್ಯದ ಕಂಪನಿಯದನ್ನು ತೆಗೆದುಕೊಂಡೆ. ಎರಡು ಜಿಬಿ ಮೆಮೊರಿ, ಮುಂಬೈ, ಸ್ವತಃ ನಿರ್ವಹಣೆ, ವಾರಕ್ಕೊಂದು ನಕಲು. ಮುಂದಿನ ಭಾನುವಾರ ಹನ್ನೊಂದಕ್ಕೆ ನಾನು ನನ್ನ ಕೋಣೆಯಲ್ಲಿ ಸರ್ವರಿನ ಮೇಲಿನ ಹೊರೆ ತೋರಿಸುವ ಗೆರೆಯನ್ನೇ ನೋಡುತ್ತ ಕೂತಿದ್ದೆ. ಗೆರೆ ಏರಿತು, ಆದರೆ ವೆಬ್‌ಸೈಟ್ ನಿಲ್ಲಲಿಲ್ಲ. ಅಕ್ಕೋರು ಫೋನ್ ಮಾಡಿ, “ಏ ಹುಡುಗಿ, ಇವತ್ತ ಒಬ್ಬರೂ ಬೈದು ಫೋನ್ ಮಾಡ್ಲಿಲ್ಲ ನೋಡು” ಅಂದರು. ಎರಡು ತಿಂಗಳು ಹಾಗೇ ನಡೆಯಿತು.

ಅದೊಂದು ಶನಿವಾರ ಮುಂಜಾನೆ ಸರ್ವರಿನ ಒಳಗಿನ ಸಾಫ್ಟ್‌ವೇರ್ ಹೊಸದು ಮಾಡಲು ಕೂತೆ. ಸ್ವತಃ ನಿರ್ವಹಣೆ ಅಂದಮೇಲೆ ಅದು ನನ್ನದೇ ಕೆಲಸ. ಅರ್ಧಕ್ಕೆ ಏನೋ ಸಿಕ್ಕಿಹಾಕಿಕೊಂಡಿತು. ವೆಬ್‌ಸೈಟ್ ತೆರೆಯಲಿಲ್ಲ. ಒಂದು ತಾಸು ಹುಡುಕಿದೆ. ಮರುದಿನ ಭಾನುವಾರ ಎನ್ನುವುದು ತಲೆಯಲ್ಲಿ ಕೂತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕುವುದನ್ನು ಬಿಟ್ಟು ಆ ಗುಂಡಿ ಒತ್ತಿದೆ. ಕಳೆದ ಭಾನುವಾರ ನಸುಕಿನ ನಕಲು ವಾಪಸ್ ಬಂತು, ವೆಬ್‌ಸೈಟ್ ಎದ್ದು ನಿಂತಿತು. ಹತ್ತು ನಿಮಿಷದ ಕೆಲಸ. ಅಕ್ಕೋರಿಗೆ ಫೋನ್ ಮಾಡಿ, “ಸ್ವಲ್ಪ ಕೆಟ್ಟಿತ್ರಿ, ಇದ್ದಂಗ ಮಾಡೀನಿ” ಅಂದೆ. ಹಾಗೆ ಹೇಳಿ ಹೋಗಿ ಬಟ್ಟೆ ಒಗೆದುಕೊಂಡೆ. ಎಷ್ಟು ಸಮಾಧಾನವಾಗಿತ್ತೆಂದರೆ, ಒಗೆಯುವಾಗ ಹಾಡು ಹೇಳುತ್ತಿದ್ದೆ.

‘ಇದ್ದಂಗ’ ಅಂದರೆ ಭಾನುವಾರ ಇದ್ದ ಹಾಗೆ. ಭಾನುವಾರದಿಂದ ಶನಿವಾರದ ನಡುವೆ ಅಕ್ಕೋರು ಏಳು ಜನರನ್ನು ಪಟ್ಟಿಯಿಂದ ತೆಗೆದಿದ್ದರು. ಅವರಿಗಾಗಿ ನಾನೇ ‘ಕೂಡಿತು’ ಎಂಬ ಗುಂಡಿ ಮಾಡಿಕೊಟ್ಟಿದ್ದೆ. ಒತ್ತಿದರೆ ಫೋಟೋ, ವಿವರ ಎಲ್ಲ ಅಳಿಸಿಹೋಗುತ್ತಿತ್ತು. ಆ ಏಳೂ ಜನ ಈಗ ಮತ್ತೆ ಪಟ್ಟಿಯಲ್ಲಿ ಬಂದು ಕೂತಿದ್ದರು, ಸಂಬಂಧ ಬೇಕಾಗಿದೆ ಎಂದು.

ಮರುದಿನ ಊಟಕ್ಕೆ ಕೂತಾಗ ಅಕ್ಕೋರ ಫೋನ್ ಬಂತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

“ತಂಗಿ, ಆಟೋ ನಗರದ ಟರ್ನರ್ ಅಣ್ಣಾರ ಮಗಳ ಫೋಟೋ ಮತ್ತ ಹ್ಯಾಂಗ ಬಂತ?”

ಆ ಹುಡುಗಿಯ ಅಪ್ಪ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುವವರು. ಗುರುವಾರವೇ ಆಕೆಯ ಸಾಖರಪುಡಾ ಆಗಿತ್ತು. ಹುಡುಗನ ಮನೆ ಅನಗೋಳದಲ್ಲಿ, ನನ್ನ ಕೋಣೆಯಿಂದ ನಾಲ್ಕು ಗಲ್ಲಿ ಆಚೆ. ಅವತ್ತು ಮುಂಜಾನೆ ಆ ಮನೆಯ ಹಿರಿಯಳಾದ ಹುಡುಗನ ದೊಡ್ಡವ್ವ ತನ್ನ ಸ್ವಂತ ಮಗನಿಗೆ ಹೆಣ್ಣು ನೋಡಲೆಂದು ಅಕ್ಕೋರ ವೆಬ್‌ಸೈಟ್ ತೆರೆದಿದ್ದಾಳೆ. ಮೂರು ದಿನದ ಹಿಂದೆ ತಾನೇ ಉಡಿ ತುಂಬಿದ ಹುಡುಗಿ ಅಲ್ಲಿ ನಗುತ್ತ ನಿಂತಿದ್ದಾಳೆ. ಆ ಮನೆಯಿಂದ ಟರ್ನರ್ ಅಣ್ಣಾರಿಗೆ ಫೋನ್ ಹೋಗಿದೆ: ಸಕ್ಕರೆ ತಿಂದ ಮೇಲೂ ಬೇರೆ ಗಂಡು ನೋಡುತ್ತಿದ್ದೀರೇನು? ಲಗ್ನಪತ್ರಿಕೆ ಸದ್ಯಕ್ಕೆ ಛಾಪಿಸಬೇಡಿ.

ನಾನು ಊಟ ಬಿಟ್ಟು ಎದ್ದು ಫೋಟೋ ತೆಗೆದುಹಾಕಿದೆ. ಅಕ್ಕೋರು ತಮ್ಮ ರಜಿಸ್ಟರ್ ನೋಡಿ ಉಳಿದವರ ನೋಂದಣಿ ನಂಬರುಗಳನ್ನು ಹೇಳಿದಂತೆ ಒಂದೊಂದಾಗಿ ಎಲ್ಲವನ್ನೂ ತೆಗೆದೆ. ಅದು ಇನ್ನೂ ಕೆಟ್ಟದ್ದಾಯಿತು. ಸಂಜೆಗೆ ಹುಡುಗನ ಮನೆಯ ಕಡೆಯಿಂದ ಮಾತು ಬಂತು: ನಾವು ಕೇಳಿದ ಕೂಡಲೇ ತೆಗೆದರು, ಹುಳುಕು ಇಲ್ಲದಿದ್ದರೆ ಯಾಕೆ ತೆಗೆಯುತ್ತಿದ್ದರು?

ಸೋಮವಾರ ಮುಂಜಾನೆ ಅಕ್ಕೋರು ಮೊದಲ ಬಸ್ಸಿಗೆ ಬೆಳಗಾವಿಗೆ ಬಂದರು. ಬಸ್ ನಿಲ್ದಾಣದಲ್ಲಿ ಅವರನ್ನು ನೋಡಿ ನಾನು ಚೀಲ ಇಸಿದುಕೊಂಡೆ. ಆಟೋದಲ್ಲಿ ಕೂತ ಮೇಲೆ ಅವರೇ ಕೇಳಿದರು, “ಈಗರ ಹೇಳು. ನಾ ತಗದ ಮ್ಯಾಲೂ ಆ ನಕಲ್ಯಾಗ ಇರ್ತೈತೇನು?”

“ಇರ್ತೈತ್ರಿ.”

“ಎಷ್ಟ ದಿವಸ?”

“ಗೊತ್ತಿಲ್ರಿ ಅಕ್ಕೋರ.”

“ಹೂಂ” ಅಂದರು. “ಗೊತ್ತಿಲ್ಲ ಅಂದ್ಯಲ್ಲ, ಛಲೋ ಆತು.” ವ್ಯಂಗ್ಯವಿರಲಿಲ್ಲ ಅದರಲ್ಲಿ. ನಾಲ್ಕನೆಯ ತರಗತಿಯಲ್ಲಿ ಮಗ್ಗಿ ತಪ್ಪಿದಾಗ ಬೆನ್ನ ಮೇಲೆ ಇಡುತ್ತಿದ್ದ ಕೈ ಹೇಗಿರುತ್ತಿತ್ತೋ, ಆ ಮಾತು ಹಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಹೊರಗೆ ನೋಡುತ್ತ ಕೂತೆ.

ಟರ್ನರ್ ಅಣ್ಣಾರು ಹುಡುಗನ ಮನೆಯ ಗಲ್ಲಿಯ ತುದಿಯಲ್ಲಿ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಉಗುರಿನ ಸಂದಿಯಲ್ಲಿ ಮಾತ್ರ ಎಣ್ಣೆಯ ಕಪ್ಪು ಉಳಿದಿತ್ತು. ನಾನು ಯಾರೆಂದು ಅಕ್ಕೋರು ಹೇಳಿದರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ. “ಮಗಳಿಗೆ ನಾ ಇನ್ನೂ ಹೇಳಿಲ್ಲವ್ವಾ” ಅಂದರು, ಅಷ್ಟೇ. “ಆಕಿ ಕುಪ್ಪಸಾ ಹೊಲ್ಯಾಕ ಹಾಕಾಕ ಹೋಗ್ಯಾಳ.”

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಅಕ್ಕೋರನ್ನು ಕಂಡು, “ಬರ್ರಿ, ಕುಂದರ್ರಿ” ಅಂದಳು. ಮಾತು ಸರಿಯಾಗಿಯೇ ಇತ್ತು, ಮುಖ ಮಾತ್ರ ಬಿಗಿದುಕೊಂಡಿತ್ತು. ಹುಡುಗನೂ ಇದ್ದ. ಊರಿನ ಕ್ಯಾಂಪ್ ಭಾಗದಲ್ಲಿ ಔಷಧ ಅಂಗಡಿಯ ಕೆಲಸ, ಆ ಹೊತ್ತಿಗೆ ಹೊರಡಬೇಕಾದವನು ನಮಗಾಗಿ ನಿಂತಿದ್ದ. ಒಂದು ಮೂಲೆಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ಕೂತಿದ್ದ.

ನಾನು ಲ್ಯಾಪ್‌ಟಾಪ್ ತೆಗೆದು ವಿವರಿಸಲು ಶುರುಮಾಡಿದೆ. ಸರ್ವರ್ ಅಂದರೆ ಏನು, ನಕಲು ಹೇಗೆ ಆಗುತ್ತದೆ, ಅದು ಹೇಗೆ ವಾಪಸ್ ಬಂತು.

ದೊಡ್ಡವ್ವ ನಡುವೆಯೇ ತಡೆದಳು. “ಮಶೀನ ತಾನ ಮಾಡಿತು ಅನ್ನಾಕತ್ತೀಯೇನವ್ವಾ? ಖರೇ ಹೇಳು. ಮಶೀನಿಗೆ ಏನ ಗರಜು ಬಿದ್ದೈತಿ, ನಮ್ಮ ಸೊಸಿಗೆ ಗಂಡ ಹುಡುಕಾಕ?”

ಇನ್ನೂ ಸೊಸಿ ಅಂತಲೇ ಅಂದಳು. ಅಕ್ಕೋರು ನನ್ನ ಕಡೆ ನೋಡಿದರು, ಅವರಿಗೂ ಕೇಳಿಸಿತ್ತು.

“ಮಶೀನ ತಾನ ಮಾಡಲಿಲ್ರಿ” ಅಂದೆ. “ನಾ ಮಾಡೀನಿ. ಶನಿವಾರ ಕೆಟ್ಟಿತ್ತು. ಏನ ಕೆಟ್ಟೈತಿ ಅಂತ ಹುಡಕಬೇಕಿತ್ತು, ಹುಡಕಲಿಲ್ಲ. ಹಳೇದನ್ನ ತಂದು ಮ್ಯಾಲೆ ಹಾಕಿದೆ. ಅದರೊಳಗ ಯಾರ್ಯಾರು ವಾಪಸ್ ಬಂದ್ರು ಅಂತ ನೋಡಲಿಲ್ಲ. ಹುಡುಗಿ ಮನಿಯವರದೂ ತಪ್ಪಿಲ್ಲ, ಅಕ್ಕೋರದೂ ಇಲ್ಲ.”

“ನಂದೂ ಐತಿ” ಅಂದರು ಅಕ್ಕೋರು. “ಸಾಖರಪುಡಾ ದಿವಸ ಫೋಟೋ ಕೈಯಾಗ ಕೊಟ್ಟು, ನನ್ನ ಹಂತೇಕ ಏನೂ ಉಳಿದಿಲ್ಲ ಅಂತ ಹೇಳೀನಿ. ಉಳಿದಿತ್ತು. ನನಗ ತಿಳಿದಿರಲಿಲ್ಲ, ಆದ್ರ ಹೇಳಿದ್ದು ಸುಳ್ಳ ಆತಲ್ಲ.”

ದೊಡ್ಡವ್ವನಿಗೆ ಇದು ಅನಿರೀಕ್ಷಿತ. ಅಕ್ಕೋರು ತಮ್ಮ ಮೇಲೆಯೇ ಹಾಕಿಕೊಂಡ ಮೇಲೆ ಸೆರಗು ಸರಿಮಾಡಿಕೊಂಡಳು. “ಅದೆಲ್ಲ ಬರೋಬರ್ರಿ” ಅಂದಳು. “ಆದ್ರ ನೋಡಿದವರು ನಾಕ ಮಂದಿ ಏನಂತಾರ? ಹುಡುಗೀನ್ನ ಇನ್ನೂ ತೋರಸಾಕತ್ತಾರ ಅಂತಾರ.”

ಅಕ್ಕೋರು ಚೀಲದಿಂದ ತಮ್ಮ ರಜಿಸ್ಟರ್ ತೆಗೆದರು. ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಒಂದು ಪುಟ ಬಿಡಿಸಿ ದೊಡ್ಡವ್ವನ ಮುಂದೆ ಇಟ್ಟರು.

“ನೀವು ಹುಡುಗ್ಯಾರ ಪಟ್ಟಿ ನೋಡಿದ್ರಿ. ಗಂಡಸರ ಪಟ್ಟಿ ತಗದು ನೋಡಿದ್ರೇನು?”

“ನಾ ಯಾಕ್ರಿ ನೋಡ್ಲಿ? ನನ್ನ ಮಗಗ ಹೆಣ್ಣ ಬೇಕಾಗೇದ.”

“ವಾಪಸ್ ಬಂದವರು ಏಳು ಮಂದಿ. ಓದಿ ನೋಡ್ರಿ, ಐದನೇದು.”

ದೊಡ್ಡವ್ವ ಓದಲಿಲ್ಲ, ಹುಡುಗ ಎದ್ದುಬಂದು ಓದಿದ. ಓದಿ ನಗಲು ಶುರುಮಾಡಿದ. “ದೊಡ್ಡವ್ವಾ, ಇದು ನಂದ ನಂಬರು.”

ಇಬ್ಬರೂ ಅಕ್ಕೋರ ಮೂಲಕವೇ ಕೂಡಿದವರು. ಗುರುವಾರ ಸಂಜೆ ಅಕ್ಕೋರು ಇಬ್ಬರನ್ನೂ ಒಟ್ಟಿಗೇ ತೆಗೆದಿದ್ದರು, ನಾನು ಇಬ್ಬರನ್ನೂ ಒಟ್ಟಿಗೇ ವಾಪಸ್ ತಂದಿದ್ದೆ. ಭಾನುವಾರ ಮಧ್ಯಾಹ್ನದವರೆಗೆ ಅವನೂ ಅಲ್ಲಿ ಸೂಟು ಹಾಕಿಕೊಂಡು ಹೆಣ್ಣು ಬೇಕೆಂದು ನಿಂತಿದ್ದ. ಅವನನ್ನು ನೋಡಿ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಇದು ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಭಾನುವಾರ ನಾನು ಬರೀ ನಂಬರು ನೋಡಿ ತೆಗೆದಿದ್ದೆ. ಅಕ್ಕೋರಿಗೆ ಗೊತ್ತಿತ್ತು. ಫೋನಿನಲ್ಲೇ ಹೇಳಬಹುದಿತ್ತು, ಹೇಳಿರಲಿಲ್ಲ. ಮನೆಗೆ ಬಂದು, ತಮ್ಮ ತಪ್ಪು ತಾವು ಹೇಳಿದ ಮೇಲೆಯೇ ಅದನ್ನು ಹೇಳಬೇಕು ಎಂದು ಇಟ್ಟುಕೊಂಡಿದ್ದರೆಂದು ಕಾಣುತ್ತದೆ.

ದೊಡ್ಡವ್ವ ರಜಿಸ್ಟರನ್ನು ತನ್ನತ್ತ ಎಳೆದು ಕೊನೆಗೂ ನೋಡಿದಳು. “ಏ ಯಪ್ಪಾ” ಎಂದಳು. ಆಮೇಲೆ ಹುಡುಗನ ಕಡೆ ತಿರುಗಿ, “ಹಲ್ಲ ಕಿಸೀಬ್ಯಾಡ. ನಿನಗ ಎಷ್ಟ ಮಂದಿ ಫೋನ್ ಹಚ್ಚಿದ್ರು?”

“ಒಬ್ಬರೂ ಇಲ್ಲ.”

“ಮತ್ತ ಅದಕ ನಗಾಕತ್ತೀಯೇನು?”

ನಮ್ಮ ಜೊತೆ ಒಳಗೆ ಬಂದ ಟರ್ನರ್ ಅಣ್ಣಾರು ಬಾಗಿಲ ಬಳಿಯೇ ಕೂತಿದ್ದರು. ಈಗ ದೊಡ್ಡವ್ವನ ಕಡೆ ನೋಡಿ ಮೆಲ್ಲಗೆ, “ಬಾಯಾರ, ಪತ್ರಿಕಿ ಛಾಪಿಸ್ಲ್ಯಾ?” ಎಂದು ಕೇಳಿದರು. ಹೆಣ್ಣು ಕೊಡುವವರ ದನಿ ಅದು. ತಪ್ಪು ಬೇರೆಯವರದೆಂದು ಎಲ್ಲರೆದುರು ಗೊತ್ತಾದ ಮೇಲೂ ಅವರೇ ಕೇಳಬೇಕಾಯಿತು. ನನಗೆ ಅಪ್ಪನ ದನಿ ಕೇಳಿದಂತಾಯಿತು. ಅಪ್ಪನೂ ಕಾರ್ಖಾನೆಯ ಮಾಲೀಕರ ಮುಂದೆ ತನಗೆ ಬರಬೇಕಾದ ರಜೆಯನ್ನು ಹೀಗೆಯೇ ಕೇಳುತ್ತಿದ್ದ.

ದೊಡ್ಡವ್ವನಿಗೂ ಏನೋ ತಟ್ಟಿರಬೇಕು. “ಅಯ್ಯ, ಹಾಕಸ್ರಿ ಅಣ್ಣಾರ” ಅಂದಳು. “ನಂದೂ ನಿನ್ನೆ ಜರಾ ಜಾಸ್ತಿ ಆತು. ನಮ್ಮ ಕಡಿ ಹೆಸರೆಲ್ಲಾ ಬರೋಬರ ಬರಸ್ರಿ ಮತ್ತ, ಯಾರೂ ಬಿಟ್ಟ ಹೋಗಬಾರದು.” ಒಳಗೆ ಹೋಗಿ ಚಹಾ ಇಟ್ಟಳು. ಹುಡುಗ ಹೆಲ್ಮೆಟ್ ಕೆಳಗಿಟ್ಟು ಹೊರಗೆ ಕಟ್ಟೆಯ ಮೇಲೆ ನಿಂತು ಫೋನ್ ಹಚ್ಚಿದ. ಯಾರಿಗೆಂದು ಯಾರೂ ಕೇಳಲಿಲ್ಲ. ಅವನ ನಗು ಮಾತ್ರ ಒಳಗೆ ಕೇಳಿಸುತ್ತಿತ್ತು.

ಹೊರಗೆ ಬಂದ ಮೇಲೆ ನಾನು ಅಕ್ಕೋರಿಗೆ, ಈ ಕಂಪನಿ ಬಿಟ್ಟುಬಿಡೋಣ, ಬೇರೆಯದನ್ನು ನೋಡುತ್ತೇನೆ ಅಂದೆ. ಕಂಪನಿಯದೇನೂ ತಪ್ಪಿರಲಿಲ್ಲ, ನನಗೇ ಅದರ ಮುಖ ನೋಡಲು ನಾಚಿಕೆ.

“ನೋಡೂಣು” ಅಂದರು. “ಈ ಸರ್ತಿ ಬಾಜೂಕ ನಾ ಕುಂದರ್ತೀನಿ.”

ಹಾಗೆಯೇ ಕೂತರು, ನನ್ನ ಕೋಣೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ. ನಾನು ಹಾಸಿಗೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಮೊದಲ ಸಲ ಆರಿಸುವಾಗ ನಾನು ಕೇಳಿದ್ದು ಎಷ್ಟು ಮೆಮೊರಿ, ಎಷ್ಟು ವೇಗ, ಯಾವ ಊರು. ಈ ಸಲ ಅಕ್ಕೋರು ಒಂದೇ ಪ್ರಶ್ನೆ ಬರೆಸಿದರು: ನಾವು ಅಳಿಸಿದ್ದು ನಿಮ್ಮ ಹತ್ತಿರ ಎಷ್ಟು ದಿನ ಉಳಿಯುತ್ತದೆ? ಅದೇ ಮೂರು ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಕಳಿಸಿದೆ. ಕಳಿಸುವ ಮುಂಚೆ ಅಕ್ಕೋರು ಓದಿಸಿ ಅರ್ಥ ಹೇಳಿಸಿಕೊಂಡರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ನಾವು ಇದ್ದ ಕಂಪನಿಯವರು ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತ ಎಂದು ಉದ್ದ ಪತ್ರ ಬರೆದರು, ದಿನ ಮಾತ್ರ ಹೇಳಲಿಲ್ಲ. ಮೂರನೆಯವರು ಎರಡು ಸಾಲು ಬರೆದರು: ಹಳೆಯ ನಕಲು ಹದಿನಾಲ್ಕು ದಿನಕ್ಕೆ ತಾನಾಗಿ ಅಳಿಯುತ್ತದೆ. ನಕಲೇ ಬೇಡ ಎಂದರೆ ನಿಲ್ಲಿಸಬಹುದು, ಆಮೇಲೆ ಕೆಟ್ಟರೆ ನೀವೇ ಜವಾಬ್ದಾರರು.

“ಇವರು ನೆಟ್ಟಗ ಮಾತಾಡ್ತಾರ” ಅಂದರು ಅಕ್ಕೋರು. “ಇವರದ ಇರ್ಲಿ.”

ಅದು ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕದು. ಒಂದೇ ಜಿಬಿ. ಭಾನುವಾರದ ಗದ್ದಲ ತಡೆಯುವುದಿಲ್ಲ ಎಂದೆ. ಅಷ್ಟು ಭಾರ ಯಾವುದರದು ಎಂದು ಕೇಳಿದರು. ಫೋಟೋಗಳು ಎಂದೆ.

“ಹಂಗಾರ ಫೋಟೋ ಬ್ಯಾಡ. ನಂಬರು, ವಯಸ್ಸು, ಶಿಕ್ಷಣ, ಊರು ಇಷ್ಟ ಹಾಕು. ಫೋಟೋ ನೋಡಬೇಕಂದವರು ನಮ್ಮ ಮನಿಗೆ ಬರ್ಲಿ. ಚಾ ಕುಡದಂಗೂ ಆಗ್ತೈತಿ, ಮಂದಿ ಹ್ಯಾಂಗದಾರ ಅಂತ ನನಗೂ ತಿಳೀತೈತಿ.”

“ಮಂದಿ ಬೈತಾರ್ರಿ.”

“ಬೈಲಿ. ಬೈದವರ ಹೆಸರ ಬರಕೋತೀನಿ. ಅಂಥಾ ಮನಿಗೆ ಹುಡುಗೀನ್ನ ಕೊಡೂದ ಬ್ಯಾಡ.”

ಬೈದರು, ಖರೆ. ಕೆಲವರು ಬೇರೆ ಕೇಂದ್ರಕ್ಕೆ ಹೋದರು. ಹೋದವರಲ್ಲಿ ಕೆಲವರು ತಿರುಗಿ ಬಂದರು, ಎಲ್ಲರೂ ಅಲ್ಲ. ಭಾನುವಾರ ಆ ಚಿಕ್ಕ ಸರ್ವರ್ ಆರಾಮವಾಗಿ ನಡೆಯುತ್ತದೆ. ಮೆಮೊರಿ ಅರ್ಧಕ್ಕಿಂತ ಮೇಲೆ ಏರಿದ್ದನ್ನು ನಾನು ಕಂಡಿಲ್ಲ. ಸಂಬಂಧ ಕೂಡಿದವರ ನಂಬರುಗಳನ್ನು ಸರ್ವರಿನ ಹೊರಗೆ, ನನ್ನ ಹತ್ತಿರ ಬೇರೆಯಾಗಿಯೇ ಇಡುತ್ತೇನೆ. ಯಾವ ನಕಲನ್ನು ವಾಪಸ್ ತಂದರೂ ಮೊದಲು ಆ ನಂಬರುಗಳನ್ನು ತೆಗೆದ ಮೇಲೆಯೇ ವೆಬ್‌ಸೈಟ್ ತೆರೆಯಬೇಕು, ಹಾಗೆ ಬರೆದಿದ್ದೇನೆ. ನಾಲ್ಕು ಸಾಲಿನ ಪ್ರೋಗ್ರಾಂ. ಮೊದಲೇ ಬರೆಯಬಹುದಿತ್ತು.

ಹಳೆಯ ಕಂಪನಿಯ ಖಾತೆ ಮುಚ್ಚುವ ಮುಂಚೆ ಅಲ್ಲಿನ ನಕಲುಗಳನ್ನು ಅಳಿಸಬೇಕಿತ್ತು. ಕೊನೆಯ ಗುಂಡಿಯನ್ನು ಅಕ್ಕೋರ ಕೈಯಿಂದಲೇ ಒತ್ತಿಸಿದೆ.

“ಹೋತೇನು?”

“ಹೋತ್ರಿ. ಆದ್ರ ಖಾತೆ ಮುಚ್ಚಿದ ಮ್ಯಾಲೂ ಮೂವತ್ತ ದಿವಸ ಅವರ ಹಂತೇಕ ಇರ್ತೈತಂತ, ಆಮ್ಯಾಲೆ ಪೂರಾ ಅಳಿಸ್ತಾರಂತ. ಈ ಸರ್ತಿ ಕೇಳೀನಿ.”

ಅವರು ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂವತ್ತನೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರಂತೆ. ಆ ದಿನ ಬರುವ ಹೊತ್ತಿಗೆ ಲಗ್ನಪತ್ರಿಕೆ ಹಂಚಿ ಮುಗಿದಿತ್ತು, ಮದುವೆಗೆ ಒಂದು ವಾರ ಉಳಿದಿತ್ತು. ಆ ದಿನ ನಾನು ಖಾನಾಪುರದಲ್ಲೇ ಇದ್ದೆ. ಕಂಪನಿಯಿಂದ ಪತ್ರ ಬಂದದ್ದನ್ನು ತೋರಿಸಿದೆ: ಎಲ್ಲವನ್ನೂ ಅಳಿಸಲಾಗಿದೆ. ಅಕ್ಕೋರು ಎರಡು ಸಲ ಓದಿಸಿದರು. ಆಮೇಲೆ ಟರ್ನರ್ ಅಣ್ಣಾರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಲೇತಿನ ಕಿರಿಚಾಟ ನನಗೂ ಕೇಳಿಸುತ್ತಿತ್ತು.

“ಅಣ್ಣಾರ, ನಿಮ್ಮ ಮಗಳ ಫೋಟೋ ಈಗ ಖರೇನ ವಾಪಸ್ ಕೊಟ್ಟಂಗಾತ್ರಿ.”

“ಏನಂದ್ರಿ? ಮಶೀನ ಚಾಲೂ ಐತ್ರಿ ಬಾಯಾರ, ಕೇಳಸವಲ್ಲದು!”

“ಫೋಟೋ! ವಾಪಸ್ ಕೊಟ್ಟೀನಿ ಅಂತಂದೆ!”

“ಕೊಟ್ಟೀರಲ್ರಿ, ಸಾಖರಪುಡಾ ದಿವಸಾನ ಕೊಟ್ಟೀರಿ!”

ಅಕ್ಕೋರು ದನಿ ಇನ್ನೂ ಏರಿಸಿ, “ಇಲ್ರಿ ಅಣ್ಣಾರ” ಅಂದರು, “ಇವತ್ತ ಕೊಟ್ಟೆ.”